ತಿದ್ದಿ ತಂದ ಕತೆ

ಸ್ವಂತ ಬದುಕಿನ ಕತೆ ಬರೆಯಲು ಕಲಿಸುವ ಆ ತರಗತಿಯಲ್ಲಿ ಮೇಷ್ಟ್ರದು ಒಂದೇ ಕಟ್ಟುನಿಟ್ಟಿನ ನಿಯಮ. ಬರೆದದ್ದನ್ನು ಮೊದಲು ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಬೇಕು, ಆಮೇಲೆ ಇಲ್ಲಿಗೆ ತರಬೇಕು. ಮನೆಯವರ ಮುಂದೆ ಸುಳ್ಳು ಓದಲು ಯಾರಿಗೂ ನಾಲಿಗೆ ಏಳುವುದಿಲ್ಲ ಎಂದು ಅವರ ನಂಬಿಕೆ.

ಅದಕ್ಕೇ ಇಂದುಮತಿ ತಿದ್ದಿ ತಂದ ಕತೆ ನೋಡಿ ಅವರಿಗೆ ರೇಗಿತು.

“ಏನಮ್ಮಾ ಇದು? ಹೋದ ವಾರ ಮಗ ಕೆರೇಲಿ ಮುಳುಗಿ ಹೋದ ಅಂತ ಬರೆದಿದ್ರಿ. ಇಲ್ಲಿ ಒದ್ದೆ ಚಡ್ಡೀಲೇ ಮನೆಗೆ ಓಡಿ ಬರ್ತಿದಾನೆ! ಯಾವುದು ನಿಜ?”

“ಹೋದ ವಾರದ್ದೇ ನಿಜ ಸರ್. ಅವನು ಹೋಗಿ ಮೂವತ್ತು ವರ್ಷ ಆಯ್ತು.”

“ಮತ್ತೆ ಬದಲಾಯಿಸಿದ್ದು ಯಾಕೆ?”

“ಹೋದ ವಾರ ಓದದೇ ತಂದಿದ್ದೆ ಸರ್. ಮೊನ್ನೆ ನೀವು ಹೇಳಿದ ಹಾಗೆ ಮನೇಲಿ ಓದಿದೆ. ನಮ್ಮ ಯಜಮಾನ್ರಿಗೆ ಮರೆವಿನ ಕಾಯಿಲೆ. ಮಗ ಹೋಗಿದ್ದೇ ಅವರಿಗೆ ಮರೆತುಹೋಗಿತ್ತು. ಈಗ ತಾನೇ ಸುದ್ದಿ ಬಂದ ಹಾಗೆ ಎದೆ ಬಡ್ಕೊಂಡು ಅತ್ತುಬಿಟ್ರು. ನೋಡಕ್ಕಾಗಲಿಲ್ಲ ಸರ್. ಅದಕ್ಕೇ ನಿನ್ನೆ ಹೀಗೆ ತಿದ್ದಿ ಓದಿದೆ.”

ಮೇಷ್ಟ್ರ ದನಿ ಇಳಿಯಿತು. “ಈಗ ಸಮಾಧಾನವಾಗಿದಾರಾ?”

“ಎಲ್ಲಾ ಮರೆಯೋರು ಇದೊಂದನ್ನ ಮರೀತಿಲ್ಲ ಸರ್. ನಿನ್ನೆಯಿಂದ ಅನ್ನ ಮುಟ್ಟಿಲ್ಲ. ಮಗು ಬರಲಿ, ಒಟ್ಟಿಗೆ ಕೂರೋಣ ಅಂತಾರೆ.”