ಸಾಹೇಬರು ಕಣ್ಣಾರೆ ಕಂಡ ಗ್ಯಾಸು

ಗ್ಯಾಸಿನ ಸಬ್ಸಿಡಿ ತೆಗೆದ ಮೇಲೆ ಹಳ್ಳಿಯ ಜನ ಹೇಗೆ ಅಡುಗೆ ಮಾಡುತ್ತಾರೆಂದು ನೋಡಲು ರಾಜಧಾನಿಯಿಂದ ಸಾಹೇಬರು ಬಂದರು. ಯಾರ ಮಾತನ್ನೂ ನಂಬುವವರಲ್ಲ, ಕಣ್ಣಾರೆ ಕಂಡದ್ದನ್ನೇ ಬರೆಯುವವರು. ಮನೆಮನೆಗೂ ನುಗ್ಗಿ ಅಡುಗೆಕೋಣೆ ನೋಡಿದರು. ಎಲ್ಲ ಮನೆಯಲ್ಲೂ ಅವರಿಗೆಂದು ಗ್ಯಾಸ್ ಒಲೆಯ ಮೇಲೆ ಟೀ ಕುದಿಯುತ್ತಿತ್ತು.

"ಇಷ್ಟು ರೇಟಾದರೂ ಎಲ್ಲರೂ ಗ್ಯಾಸೇ ಉರಿಸ್ತೀರಲ್ಲಮ್ಮ!" ಎಂದರು, ಕೊನೆಯ ಮನೆಯಲ್ಲಿ ಲೋಟ ಕೆಳಗಿಡುತ್ತಾ.

"ಅದೇನಂದ್ರೆ ಸಾರ್..." ಎಂದರು ಆ ಮನೆಯ ಪುಟ್ಟತಾಯಮ್ಮ.

"ನೀವೇನೂ ಹೇಳೋದು ಬೇಡ, ನಾನೇ ನೋಡಿದೆನಲ್ಲ! ಇನ್ನೂ ಸ್ವಲ್ಪ ಏರಿಸಿದರೂ ಜನ ತಡ್ಕೋತಾರೆ."

ಜೀಪು ಊರು ದಾಟಿತು. ಪುಟ್ಟತಾಯಮ್ಮ ಸಿಲಿಂಡರಿಗೆ ಮತ್ತೆ ಹೂವಿನ ಬಟ್ಟೆ ಹೊದಿಸಿ, ಸೊಸೆಯನ್ನು ಕೂಗಿದರು:

"ನೆಂಟರು ಹೋದ್ರು ಕಣೇ, ಸೌದೆ ತಗೊಂಬಾ. ಅನ್ನಕ್ಕಿಡಬೇಕು."