ಹಾಸ್ಯ ವಿಭಾಗದ ಹನ್ನೊಂದು ಹಾಡುಗಳು

ಮೂರನೆಯ ವಾರವೂ ಅದೇ ಕಿತಾಪತಿ. ಶನಿವಾರ ಮಧ್ಯಾಹ್ನದವರೆಗೆ ಹಾಡಿನ ಆ್ಯಪ್‌ನ 'ಶಾಸ್ತ್ರೀಯ' ವಿಭಾಗದಲ್ಲಿ ಗಂಭೀರವಾಗಿ ಕುಳಿತಿದ್ದ ಹನ್ನೊಂದು ಹಾಡುಗಳು ಭಾನುವಾರ ಬೆಳಗಾಗುವಷ್ಟರಲ್ಲಿ 'ಹಾಸ್ಯ'ಕ್ಕೆ ಗುಳೆ ಹೋಗಿದ್ದವು. ಭಾವದ ಕಾಲಂನಲ್ಲಿ 'ಪ್ರಶಾಂತ' ಎಂದಿದ್ದದ್ದು 'ಹೊಟ್ಟೆ ಹುಣ್ಣಾಗುವಷ್ಟು ನಗು' ಎಂದಾಗಿತ್ತು.

ಹಾಡಿದವನು ಬೇರೆ ಯಾರೂ ಅಲ್ಲ. ಫೋನು ಹಿಡಿದು ಹಲ್ಲು ಕಡಿಯುತ್ತಿದ್ದ ಗ್ರಂಥಪಾಲಕನೇ.

ಮಗಳು ತೊಟ್ಟಿಲಲ್ಲಿದ್ದಾಗ, ತೂಗುತ್ತ ತೂಗುತ್ತ ಹಾಡಿ ರೆಕಾರ್ಡ್ ಮಾಡಿಕೊಂಡವು ಅವು. ಮುಂದೆ ಗಂಟಲಿನ ಆಪರೇಷನ್ ಆಯಿತು. ಈಗ ಹಾಡಲು ಬಾಯಿ ತೆರೆದರೆ ಬರೀ ಗಾಳಿ. ರೆಕಾರ್ಡ್ ಮಾಡಿದ ಹಳೆಯ ಫೋನೂ ಬಕೆಟ್ಟಿಗೆ ಬಿದ್ದು ಪ್ರಾಣ ಬಿಟ್ಟಿತ್ತು. ಅವನ ಜೀವಮಾನದ ಸಂಗೀತ ಅಂತ ಉಳಿದಿದ್ದು ಈ ಆ್ಯಪ್‌ನಲ್ಲಿರುವ ಹನ್ನೊಂದೇ ಹಾಡು.

ಅವನ್ನು ತಂದು ಹಾಸ್ಯಕ್ಕೆ ಹಾಕುವುದೆಂದರೆ?

ಕಳೆದ ವಾರ ಹೆಂಡತಿಯ ತಮ್ಮ ಬಂದಿದ್ದ. "ಭಾವ, ಏನಾದ್ರೂ ನಗೋ ಅಂಥದ್ದು ಹಾಕಿ" ಎಂದ. ಎರಡು ಜೋಕು ಮುಗಿಯಿತು. ಮೂರನೆಯದಾಗಿ ಗ್ರಂಥಪಾಲಕನ ಆಲಾಪ ಎದ್ದಿತು. ಭಾಮೈದನ ಮೂಗಿನಿಂದ ಚಹಾ ಬಂತು.

"ಯಾರು ಭಾವ ಈ ಪುಣ್ಯಾತ್ಮ? ಬೇಕಂತಲೇ ಕೆಟ್ಟದಾಗಿ ಹಾಡೋದ್ರಲ್ಲಿ ಎತ್ತಿದ ಕೈ ಬಿಡಿ!"

ಅಂದಿನಿಂದ ಗ್ರಂಥಪಾಲಕನಿಗೆ ಅನ್ನ ರುಚಿಸುತ್ತಿರಲಿಲ್ಲ. ತಪ್ಪು ಕಪಾಟಿಗೆ ಹೋದ ಪುಸ್ತಕ ಸತ್ತ ಪುಸ್ತಕ ಅಂತ ಇಪ್ಪತ್ತಾರು ವರ್ಷದಿಂದ ಕೈಕೆಳಗಿನವರಿಗೆ ಪಾಠ ಹೇಳಿದವನು. ಮನೆಯ ನಾಲ್ಕು ಸಾವಿರ ಹಾಡುಗಳಿಗೂ ಪ್ರಕಾರ, ಭಾವ, ವರ್ಷ ಎಲ್ಲವನ್ನೂ ಕೂತು ತುಂಬಿದವನು. ಪ್ರತಿ ಭಾನುವಾರ ಆ ಹನ್ನೊಂದನ್ನೂ ಕತ್ತು ಹಿಡಿದು ಶಾಸ್ತ್ರೀಯಕ್ಕೆ ತರುತ್ತಿದ್ದ. ಮುಂದಿನ ಶನಿವಾರ ರಾತ್ರಿಗೆ ಅವು ಮತ್ತೆ ಹಾಸ್ಯದಲ್ಲಿ.

ಆ್ಯಪ್ ಹಾಕಿಕೊಟ್ಟಿದ್ದು ಕಾಲೇಜಿಗೆ ಹೋಗುವ ಮಗಳು. ಮೊದಲು ಅವಳನ್ನೇ ಹಿಡಿದ.

"ನಂಗ್ಯಾಕಪ್ಪಾ ಆ ಉಸಾಬರಿ? ನಾನದನ್ನ ಕೇಳಿ ಮೂರು ವರ್ಷ ಆಯ್ತು."

"ಹಾಗಾದ್ರೆ ಆ್ಯಪ್ ಕೆಟ್ಟಿದೆಯೇನೋ."

"ಛೇ, ಅದು ನಿಮಗಿಂತ ಶಿಸ್ತು. ವಾರಕ್ಕೊಂದ್ಸಲ ತಾನೇ ಕಸ ಗುಡಿಸುತ್ತೆ. ಆವತ್ತು ಕುಕ್ಕರ್ ಸೀಟಿ ರೆಕಾರ್ಡ್ ಆಗಿತ್ತಲ್ಲ, ಅದನ್ನ ಎತ್ತಿ ಬಿಸಾಕಲಿಲ್ವಾ? ಅಮ್ಮನ ಫೋನಿಗೆ ನೋಟಿಸೂ ಬಂತು."

ಇನ್ನು ಮನೆಯಲ್ಲಿ ಉಳಿದಿದ್ದು ಒಬ್ಬಳೇ. ಅವಳು ಒಣಗಿದ ಬಟ್ಟೆ ಮಡಚುತ್ತ ಕೂತಿದ್ದಳು.

"ನನ್ನ ಹಾಡು ನಿನಗೆ ತಮಾಷೆಯಾ?"

ಹೆಂಡತಿ ತಲೆ ಎತ್ತಲಿಲ್ಲ. "ಯಾವ ಮೂಲೇಲಿದ್ರೇನ್ರೀ, ಇದ್ರೆ ಸಾಕಲ್ವಾ?"

ಎಂಥ ನುಣುಚಿಕೊಳ್ಳುವ ಉತ್ತರ! ಇಪ್ಪತ್ತು ವರ್ಷ ಬಾಳಿದವಳು, ಒಂದೇ ಒಂದು ದಿನ "ಚೆನ್ನಾಗಿದೆ" ಎಂದವಳಲ್ಲ. "ಮಗು ಮಲಗಿತು, ಇನ್ನು ಸಾಕು" ಎಂದದ್ದೇ ಹೆಚ್ಚು.

ಶುಕ್ರವಾರ ಅವನು ಸದ್ದಿಲ್ಲದೆ ಪಾಸ್‌ವರ್ಡ್ ಬದಲಾಯಿಸಿದ. ಯಾರಿಗೂ ಹೇಳಲಿಲ್ಲ. ಇಲಿ ಬೋನಿಗೆ ತಾನಾಗಿ ಬರಲಿ ಎಂದು ಕಾದ.

ಶನಿವಾರ ಸಂಜೆ ಐದೂಕಾಲಕ್ಕೆ ಇಲಿ ಬಂತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಫೋನು ಹಿಡಿದುಕೊಂಡು.

"ರೀ, ಪಾಸ್‌ವರ್ಡ್ ಏನಾಯ್ತು?"

"ಯಾಕೆ?"

"ಸ್ವಲ್ಪ ಕೆಲಸ ಇತ್ತು."

"ಏನು ಕೆಲಸ?"

"ಅದೆಲ್ಲ ಹೇಳೋಕಾಗಲ್ಲ. ಕೊಡಿ ಬೇಗ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದಕ್ಕೇ! ಗ್ರಂಥಪಾಲಕ ಕಾಲ ಮೇಲೆ ಕಾಲು ಹಾಕಿಕೊಂಡು ಪತ್ರಿಕೆ ಬಿಡಿಸಿದ. ಹೆಂಡತಿ ಅಡುಗೆಮನೆಗೆ ಹೋದಳು, ಬಂದಳು. ಗಡಿಯಾರ ನೋಡಿದಳು. ಒಲೆಯ ಮೇಲಿನ ಹಾಲು ಉಕ್ಕಿದ್ದೂ ಅವಳಿಗೆ ಗೊತ್ತಾಗಲಿಲ್ಲ. ಹಿಂದೆಂದೂ ಹಾಲು ಉಕ್ಕಿಸಿದವಳೇ ಅಲ್ಲ ಅವಳು.

ಆರಕ್ಕೆ ಎಂಟು ನಿಮಿಷ. ಅವಳು ಅವನೆದುರು ಬಂದು ನಿಂತಳು. ಕಣ್ಣಲ್ಲಿ ನೀರಿತ್ತು.

"ಕೊಡ್ರೀ, ದಮ್ಮಯ್ಯ."

"ಮೊದಲು ತಪ್ಪೊಪ್ಪಿಕೋ. ಮಗಳ ಎದುರಿಗೆ." ಅವನು ಮಗಳನ್ನೂ ಕೂಗಿ ಕರೆದ.

"ಹೂಂ, ನಾನೇ. ಹಾಸ್ಯಕ್ಕೆ ಹಾಕಿದ್ದು ನಾನೇ. ಆರು ಗಂಟೆ ಮೇಲೆ ಎಷ್ಟು ಬೇಕಾದ್ರೂ ಬೈಕೊಳ್ಳಿ. ಈಗ ಪಾಸ್‌ವರ್ಡ್ ಹೇಳಿ."

ಗೆದ್ದವನ ಗತ್ತಿನಲ್ಲಿ ಅವನು ಒಂದೊಂದೇ ಅಕ್ಷರ ಹೇಳಿದ. ಅವಳ ಬೆರಳುಗಳು ಓಡಿದವು. ಹನ್ನೊಂದು ಸಲ ಒತ್ತಿದಳು. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕುರ್ಚಿಗೆ ಕುಸಿದಳು.

ಗ್ರಂಥಪಾಲಕ ಬಗ್ಗಿ ನೋಡಿದ. ಹನ್ನೊಂದೂ ಹಾಸ್ಯದಲ್ಲಿ!

"ಕಣ್ಣೆದುರಿಗೇ! ನೋಡಿದ್ಯಾ ನಿಮ್ಮಮ್ಮನ ಧೈರ್ಯಾನ?" ಅವನು ಫೋನು ಕಿತ್ತು ಮಗಳ ಕೈಗೆ ತುರುಕಿದ. "ಬದಲಾವಣೆಗಳ ಇತಿಹಾಸ ಅಂತ ಇರುತ್ತಲ್ಲ, ತೆಗಿ. ಮೊದಲನೇ ದಿನದಿಂದ ಓದು. ಅವಳ ಬಣ್ಣ ಬಯಲಾಗಲಿ."

"ಬೇಡ ಕಣೇ," ಎಂದಳು ತಾಯಿ.

"ಗಟ್ಟಿಯಾಗಿ ಓದು!"

ಮಗಳು ಗಟ್ಟಿಯಾಗಿಯೇ ಶುರುಮಾಡಿದಳು. "ಶನಿವಾರದ ಸ್ವಯಂಚಾಲಿತ ತಪಾಸಣೆ: ಈ ಹನ್ನೊಂದು ಕಡತಗಳು ಹಾಡುಗಳಲ್ಲ, ಯಂತ್ರದ ಸದ್ದು. ಇಂದು ಸಂಜೆ ಆರಕ್ಕೆ ಶಾಶ್ವತವಾಗಿ ಅಳಿಸಲಾಗುವುದು. ಉಳಿಸಿಕೊಳ್ಳಲು ಸೂಕ್ತ ವಿಭಾಗ ಸೂಚಿಸಿ." ಅಲ್ಲಿಂದ ಅವಳ ದನಿ ಸಣ್ಣದಾಗುತ್ತ ಹೋಯಿತು. "ಅಮ್ಮ ಸೂಚಿಸಿದ್ದು: ಶಾಸ್ತ್ರೀಯ. ತಿರಸ್ಕರಿಸಲಾಗಿದೆ. ಅಮ್ಮ: ಭಾವಗೀತೆ. ತಿರಸ್ಕರಿಸಲಾಗಿದೆ. ಅಮ್ಮ: ಜೋಗುಳ. ತಿರಸ್ಕರಿಸಲಾಗಿದೆ. ಅಮ್ಮ: ಪ್ರಾಣಿಗಳ ಕೂಗು. ತಿರಸ್ಕರಿಸಲಾಗಿದೆ. ಅಮ್ಮ: ಹಾಸ್ಯ. ಒಪ್ಪಲಾಗಿದೆ."