ನೀಲಿ ಪೆನ್ಸಿಲ್ಲಿನ ಬೆಕ್ಕು

ಮೈಸೂರಿನಲ್ಲಿ ಚಂದ್ರಚೂಡ ಅಂತ ಒಬ್ಬ ವ್ಯಾಪಾರಿ. ಟೈಲ್ಸ್ ಅಂಗಡಿ, ಕೈ ತುಂಬಾ ವ್ಯಾಪಾರ...

ಆದರೆ ಮನಸ್ಸೆಲ್ಲ ಹಳೇ ಕಾಮಿಕ್ಸ್ ಮೇಲೆ! ಅಚ್ಚಾದ ಪುಸ್ತಕ ಅಲ್ಲ, ಅಚ್ಚಿಗೆ ಕೊಡಲು ಕಲಾವಿದರು ಕೈಯಲ್ಲಿ ಬರೆದ ಒರಿಜಿನಲ್ ಹಾಳೆಗಳು.

"ಹಳೇ ಪೇಪರ್‌ನೋರಿಗೆ ಹಾಕೋದನ್ನ ದುಡ್ಡು ಕೊಟ್ಟು ಮನೆಗೆ ತರ್ತೀರಲ್ರೀ!" ಅಂತ ಹೆಂಡತಿ ತಲೆ ಚಚ್ಚಿಕೊಳ್ಳುತ್ತಿದ್ದರು. ಇವರು ಕೇಳಿದರೆ ತಾನೇ?

ಒಂದು ದಿನ ಗುಜರಿ ಅಂಗಡಿಯಲ್ಲಿ ನಿಧಿಯೇ ಸಿಕ್ಕಿತು... ಎಂದೋ ನಿಂತುಹೋದ ಮಕ್ಕಳ ಮಾಸಪತ್ರಿಕೆಯೊಂದರ ಹಾಳೆಗಳ ಕಟ್ಟು. ಅದರ ತುಂಬ 'ಸೈಕಲ್ ಸಾಕಮ್ಮ'!

ಸೈಕಲ್ ಏರಿ ಕಳ್ಳರನ್ನು ಹಿಡಿಯುವ ಆ ಹುಡುಗಿಯ ಕಥೆಗಾಗಿ ಚಿಕ್ಕಂದಿನಲ್ಲಿ ಚಂದ್ರಚೂಡ ಲೈಬ್ರರಿ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅದನ್ನು ಬರೆದ ಕಲಾವಿದ ಶಿವನಂಜಯ್ಯನವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು.

ಒಂದೇ ಬೇಜಾರು... ಹಾಳೆಗಳ ಅಂಚಿನ ತುಂಬ ತಿಳಿನೀಲಿ ಪೆನ್ಸಿಲ್ಲಿನ ಗೀಚು.

"ಛೆ, ಯಾವ ಮಗು ಹಾಳು ಮಾಡಿತೋ!" ಎಂದು ಮೆತ್ತನೆಯ ರಬ್ಬರ್ ತಂದು, ಭಾನುವಾರ ಭಾನುವಾರ ಕೂತು, ತಮ್ಮ ಕೈಯಾರೆ ಉಜ್ಜಿ ಉಜ್ಜಿ ಅಳಿಸಿದರು. ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

ಒಂದು ಹಾಳೆ ಮಾತ್ರ ಎಷ್ಟು ಉಜ್ಜಿದರೂ ಮಾತು ಕೇಳಲಿಲ್ಲ. ಅದರಲ್ಲಿ ಗೀಚಿದ ಕೈ ಒತ್ತಿ ಒತ್ತಿ ಗೀಚಿತ್ತು. ಅದನ್ನು ಪ್ರದರ್ಶನಕ್ಕೆ ಲಾಯಕ್ಕಿಲ್ಲ ಎಂದು ತೆಗೆದಿಟ್ಟರು.

ಆಮೇಲೆ ಒಂದು ಹಾಲ್ ಹಿಡಿದು, ಹಾಳೆಗಳಿಗೆ ಫ್ರೇಮ್ ಹಾಕಿಸಿ ಪ್ರದರ್ಶನ ಇಟ್ಟರು. ಪೇಪರಿನಲ್ಲೂ ಸುದ್ದಿ ಬಂತು. ಜನ ಬಂದರು, ಸೆಲ್ಫಿ ತೆಗೆದುಕೊಂಡರು.

ಮಧ್ಯಾಹ್ನ ಜನ ಕರಗಿದ ಹೊತ್ತಿಗೆ ಒಬ್ಬ ಅಜ್ಜಿ ಬಂದರು... ನೂಲಿನ ಸೀರೆ, ದಪ್ಪ ಕನ್ನಡಕ.

ವಿಚಿತ್ರ ಏನು ಗೊತ್ತಾ? ಅಜ್ಜಿ ಸಾಕಮ್ಮನನ್ನು ನೋಡಲೇ ಇಲ್ಲ. ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ಬರೀ ಅಂಚುಗಳನ್ನೇ ನೋಡುತ್ತಿದ್ದರು. ಒಂದಾದ ಮೇಲೆ ಒಂದು...

"ಏನು ಹುಡುಕ್ತಿದ್ದೀರಮ್ಮಾ?" ಚಂದ್ರಚೂಡ ಹತ್ತಿರ ಹೋಗಿ ಕೇಳಿದರು.

"ನಾನು ಸರ್ವಮಂಗಳ ಅಂತ ಕಣಪ್ಪಾ. ಶಿವನಂಜಯ್ಯನವರ ಮನೆಯವಳು."

ಚಂದ್ರಚೂಡ ಕಾಲು ಮುಟ್ಟಿ ನಮಸ್ಕರಿಸಿ, ಕುರ್ಚಿ ತಂದು ಕೂರಿಸಿದರು.

"ಇದರಲ್ಲಿ ನೀಲಿ ಗೆರೆ ಇರಬೇಕಿತ್ತಲ್ಲಪ್ಪಾ... ನಮ್ಮ ಕುಸುಮಂದು?"

ಚಂದ್ರಚೂಡ ಗೋಡೆಯ ಕಡೆ ತಿರುಗಿ, ತಾವೇ ಉಜ್ಜಿದ ಅಂಚುಗಳನ್ನು ನೋಡಿದರು.

"ಅವರು ಮೊದಲು ತಿಳಿನೀಲಿ ಪೆನ್ಸಿಲ್‌ನಲ್ಲಿ ಬರೆದು, ಆಮೇಲೆ ಇಂಕಲ್ಲಿ ತಿದ್ದೋರು. ಅಚ್ಚಿಗೆ ಅಂತ ಹಾಳೆಯ ಫೋಟೋ ಹಿಡಿಯೋ ಪ್ರೆಸ್ಸಿನ ಕ್ಯಾಮೆರಾಗೆ ಆ ನೀಲಿ ಕಾಣ್ತಿರಲಿಲ್ವಂತೆ. ಅದಕ್ಕೇ ಮಗಳ ಕೈಗೂ ಅದನ್ನೇ ಕೊಡೋರು. 'ನೀನು ಎಷ್ಟು ಬೇಕಾದ್ರೂ ಬರಿ ಕಂದಾ, ಪುಸ್ತಕ ಕೆಡಲ್ಲ' ಅನ್ನೋರು."

ಅಜ್ಜಿ ನಕ್ಕರು. "ಅವಳಿಗೋ ಕೋಪ! 'ಅಪ್ಪಾ, ನಿನ್ನ ಸಾಕಮ್ಮ ಪುಸ್ತಕದಲ್ಲಿ ಬರ್ತಾಳೆ, ನನ್ನ ಬೆಕ್ಕು ಯಾಕೆ ಬರಲ್ಲ?' ಅಂತ ಪ್ರತಿ ತಿಂಗಳೂ ಜಗಳ..."

"ಆರು ವರ್ಷಕ್ಕೆ ಜ್ವರ ಬಂದು ಹೋಗಿಬಿಟ್ಟಳಪ್ಪಾ. ದಸರಾ ಬರಲಿ, ಹೊಸ ಲಂಗ ಹಾಕಿ ಫೋಟೋ ತೆಗೆಸೋಣ ಅಂತಿದ್ವಿ... ಹಾಳೆಗಳನ್ನೂ ಪತ್ರಿಕೆಯೋರು ವಾಪಸ್ ಕೊಡಲಿಲ್ಲ. ಅವಳದು ಅಂತ ನಮ್ಮನೇಲಿ ಒಂದು ಗೆರೆನೂ ಇಲ್ಲ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ... ಹಾಗಾಯಿತು ಚಂದ್ರಚೂಡರ ಗತಿ.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಅಮ್ಮಾ... ಗಲೀಜು ಅಂದ್ಕೊಂಡು ನಾನೇ ಅಳಿಸಿಬಿಟ್ಟೆ."

ಅಜ್ಜಿ ಬೈಯಲಿಲ್ಲ, ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದರು.

"ಹೋಗಲಿ ಬಿಡಪ್ಪಾ. ನಿನಗೆ ಹೇಗೆ ಗೊತ್ತಾಗಬೇಕು?"

ನಾಲ್ಕು ಮಾತು ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಆ ಮಾತು ತಡೆಯಲಾಗಲಿಲ್ಲ.

ಅಜ್ಜಿ ಬಾಗಿಲ ತನಕ ಹೋಗಿದ್ದರು. ಆಗ ನೆನಪಾಯಿತು... ಆ ಮಾತು ಕೇಳದ ಹಾಳೆ!

ಎಲ್ಲಿಟ್ಟೆ? ಬೀರುವಿನಲ್ಲಾ? ಅಲ್ಲ... ಫ್ರೇಮ್ ಹಾಕಿಸುವಾಗ ರಟ್ಟು ಸಾಲದೆ, ಹೇಗೂ ದಪ್ಪ ಹಾಳೆ ತಾನೇ ಎಂದು ನಡುವಿನ ದೊಡ್ಡ ಚಿತ್ರದ ಹಿಂದೆ ಒತ್ತಾಗಿ ಇಟ್ಟಿದ್ದರು!

"ಅಮ್ಮಾ, ನಿಲ್ಲಿ... ಒಂದೇ ಒಂದು ನಿಮಿಷ!"

ಹಾಲಿನ ನಡುವೆ ತೂಗುಹಾಕಿದ್ದ ಎಲ್ಲಕ್ಕಿಂತ ದೊಡ್ಡ ಫ್ರೇಮನ್ನು ಇಳಿಸಿ, ಮಗುಚಿ ಹಾಕಿ, ಕಾರಿನ ಕೀಲಿಯಿಂದಲೇ ಮೊಳೆ ಎಬ್ಬಿಸಿದರು. ಬೆರಳು ಕೊಯ್ದದ್ದೂ ತಿಳಿಯಲಿಲ್ಲ.

ಹಾಳೆ ಈಚೆ ಬಂತು.

ಅಂಚಿನಲ್ಲಿ ಒಂದು ಬೆಕ್ಕು... ಮೈಗಿಂತ ಉದ್ದದ ಮೀಸೆ, ಕಾಲು ಐದೋ ಆರೋ! ಸಾಕಮ್ಮನ ಸೈಕಲ್ ಹಿಂದೆಯೇ ಓಡುತ್ತಿದೆ.

ಸರ್ವಮಂಗಳಮ್ಮ ಅದರ ಮೇಲೆ ಬೆರಳಾಡಿಸಿದರು. ಒತ್ತಿ ಬರೆದ ಗೆರೆಗಳು ಬೆರಳಿಗೆ ಸಿಕ್ಕವು.

"ಒತ್ತಬೇಡ ಕಂದಾ, ಪೆನ್ಸಿಲ್ ಮುಳ್ಳು ಮುರಿಯುತ್ತೆ ಅಂದ್ರೆ ಕೇಳ್ತಿರಲಿಲ್ಲ..." ಆಗ ಅತ್ತರು ನೋಡಿ, ಅಷ್ಟು ವರ್ಷದ್ದೂ ಸೇರಿಸಿ. ಚಂದ್ರಚೂಡರೂ ಅತ್ತರು.

"ಇದು ನಿಮ್ಮದಮ್ಮಾ. ಈಗಲೇ ತಗೊಂಡು ಹೋಗಿ."

ಅಜ್ಜಿ ಕಣ್ಣೊರೆಸಿಕೊಂಡು ಗೋಡೆ ನೋಡಿದರು.

"ಪ್ರದರ್ಶನ ಮುಗಿಯೋ ತನಕ ಇಲ್ಲೇ ಇರಲಿ ಕಣಪ್ಪಾ. ತನ್ನ ಬೆಕ್ಕನ್ನ ಯಾರೂ ನೋಡಲ್ಲ ಅಂತ ತಾನೇ ಅವಳ ಜಗಳ? ನಾಲ್ಕು ಜನ ನೋಡಲಿ... ಆಮೇಲೆ ನಾನೇ ಬಂದು ಮನೆಗೆ ಕರ್ಕೊಂಡು ಹೋಗ್ತೀನಿ."

ಅದೇ ಫ್ರೇಮಿನಲ್ಲಿ, ಹಿಂದಿದ್ದ ಹಾಳೆ ಮುಂದೆ ಬಂತು. ಕೆಳಗಿನ ಚೀಟಿಯಲ್ಲಿ ಚಂದ್ರಚೂಡ ತಮ್ಮ ಕೈಯಲ್ಲೇ ಬರೆದರು:

"ಸಾಕಮ್ಮ: ಶಿವನಂಜಯ್ಯ. ಬೆಕ್ಕು: ಕುಸುಮ."

✦

ನಮಗೆ ಬರೀ ಗೀಚು ಎನಿಸಿದ್ದು ಇನ್ನೊಬ್ಬರಿಗೆ ಉಳಿದಿರುವ ಒಂದೇ ಗುರುತಾಗಿರಬಹುದು... ಅಳಿಸುವ ಮುಂಚೆ ಒಮ್ಮೆ ಕೇಳೋಣ.

ಈ ಹಬ್ಬಕ್ಕೆ ಮನೆಗೆ ಸುಣ್ಣ ಹೊಡೆಸುವ ಮುಂಚೆ, ಗೋಡೆಯ ಮೇಲೆ ಪುಟ್ಟ ಕೈ ಬರೆದ ಗೆರೆಗಳ ಮುಂದೆ ನೀವೂ ಒಂದು ಗಳಿಗೆ ನಿಲ್ಲುತ್ತೀರಾ?